ಇಮರ್ಸಿವ್ ಕಲೆಗೆ ‘ನೆನೆ’ ಒಗ್ಗೀತೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಗೋಡೆ, ನೆಲ ಎಲ್ಲದರ ಮೇಲೂ ಪ್ರೊಜೆಕ್ಟರಿನಿಂದ ಚಿತ್ರ ಹರಿಸಿ, ನೋಡುವವರನ್ನು ನಡುವೆ ನಿಲ್ಲಿಸುತ್ತಾರಲ್ಲ, ಇಂಗ್ಲಿಷಿನಲ್ಲಿ ‘ಇಮರ್ಸಿವ್’ ಅನ್ನುವ ಆ ಬಗೆಯ ಕಲೆಗೆ ಕನ್ನಡದಲ್ಲಿ ಏನನ್ನೋಣ? 2023ರಲ್ಲಿ ಮುಂಬೈಯಲ್ಲಿ ವ್ಯಾನ್ ಗೋ ಚಿತ್ರಗಳನ್ನು ಹೀಗೆ ತೋರಿಸಿದ್ದರು. ಈಗ ನಮ್ಮ ಡೊಂಬಿವಲಿ ಕನ್ನಡ ಬಳಗದ ಹುಡುಗರೂ ಚಿಕ್ಕದೊಂದನ್ನು ಮಾಡುತ್ತಿದ್ದಾರೆ. ಹತ್ತಾರು ಮನೆಗಳ ಹಳೆಯ ಊರ ಫೋಟೊಗಳನ್ನು, ಅಡಿಕೆ ತೋಟ, ಹೊಳೆ, ಮಳೆ ಎಲ್ಲವನ್ನೂ ಕಂಪ್ಯೂಟರಿಗೆ ಕೊಟ್ಟು, ಅದು ಕಟ್ಟಿದ ತೋಟವನ್ನು ಹಾಲ್‌ನ ಮೂರು ಗೋಡೆಗೆ ಬಿಡುತ್ತಾರೆ. ಬಾಗಿಲ ಬಳಿಯ ಕನ್ನಡ ಬರಹ ನನ್ನ ಪಾಲಿಗೆ ಬಂದಿದೆ.

‘ತಲ್ಲೀನ’ ನೋಡುವವರ ಮನಸ್ಸಿಗೆ ಸರಿ, ಕೋಣೆಗೆ ಹೊಂದದು. ‘ಮುಳುಗು’ ಅಂದರೆ ಮೊದಲು ಸಾಲವೇ ಕಣ್ಣಿಗೆ ಬರುತ್ತದೆ. ‘ಆವರಿಸು’ ಪರವಾಗಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು ‘ನೆನೆ’.

ಕನ್ನಡದಲ್ಲಿ ‘ನೆನೆ’ ಎರಡಿವೆ ಅಲ್ವಾ? ಮಳೆಯಲ್ಲಿ ನೆನೆದೆ, ಮಳೆಯನ್ನು ನೆನೆದೆ. ವಿಭಕ್ತಿ ಬದಲಾದರೆ ಒದ್ದೆಯಾಗುವುದು ಹೋಗಿ ನೆನಪು ಬರುತ್ತದೆ. ಎರಡಕ್ಕೂ ಬೇರು ಒಂದೇ ಅಂತ ಹೇಳಿಬಿಡುವ ಆಸೆಯಾಗುತ್ತದೆ, ಆದರೆ ಹಾಗೆ ಹೇಳಲು ಬರುವುದಿಲ್ಲ. ತಮಿಳಿನಲ್ಲಿ ನೆನಪಿಗೆ ‘ನಿನೈ’, ಒದ್ದೆಗೆ ‘ನನೈ’. ನಮ್ಮಲ್ಲಿ ಎರಡೂ ಒಂದೇ ದನಿಗೆ ಬಂದು ನಿಂತಿವೆ, ಅಷ್ಟೆ. ಆದರೂ ಈ ಕೋಣೆಗೆ ಆ ಗೊಂದಲವೇ ಚೆನ್ನ. ಒಳಗೆ ಮೈಮೇಲೆಲ್ಲ ಮಳೆ ಸುರಿಯುತ್ತದೆ, ಅಂಗಿ ಒಣಗೇ ಇರುತ್ತದೆ, ಊರು ನೆನಪಾಗುತ್ತದೆ.

ತೊಡಕು ಇಲ್ಲಿಂದ ಮುಂದೆ. ಟ್ರಯಲ್ ದಿನ ಬಂದ ಅಜ್ಜಿಯೊಬ್ಬರು ಗೋಡೆಯ ಹಲಸಿನ ಮರ ತೋರಿಸಿ ‘ಇದು ನಮ್ಮ ಬಾವಿಕಟ್ಟೆಯದ್ದೇ’ ಅಂದರು. ಅವರ ಮನೆಯ ಫೋಟೊದಲ್ಲಿ ಹಲಸೇ ಇರಲಿಲ್ಲ. ಇನ್ಯಾರದ್ದೋ ಮರ ಅವರ ಬಾವಿಯ ಪಕ್ಕ ಬೆಳೆದಿತ್ತು. ಇದನ್ನು ‘ನೆನಪು’ ಅನ್ನಬಹುದಾ? ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಉಡುಪಿ ಸೀಮೆಯಿಂದ ಬಂದು ಮುಂಬೈಯಲ್ಲಿ ನೆಲೆ ನಿಂತವರು. ಅವರು ಊರಿನ ಕಡೆಯ ಬದುಕನ್ನು ಬರೆದರೆ ಗೆರೆ ಎಷ್ಟೇ ಬದಲಾಗಿರಲಿ, ಅದು ಹೆಬ್ಬಾರರ ನೆನಪು ಅನ್ನಬಹುದಿತ್ತು. ಈ ಹಲಸು ಯಾರ ನೆನಪು?

ಟರ್ಕಿ ಮೂಲದ ಕಲಾವಿದ ರೆಫಿಕ್ ಅನಡೋಲ್ 2018ರಲ್ಲಿ ‘ಮೆಲ್ಟಿಂಗ್ ಮೆಮೊರೀಸ್’ ಮಾಡಿದರು. ಜನ ಹಳೆಯದನ್ನು ನೆನೆಯುವಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಗಳನ್ನು ಇಇಜಿಯಲ್ಲಿ ಹಿಡಿದು, ಆ ಡೇಟಾದಿಂದ ಪರದೆಯ ಮೇಲೆ ಉಕ್ಕುವ ಆಕಾರಗಳನ್ನು ತಂದರು. ಆ ಜನ ನೆನೆದ ಮುಖ, ಮನೆ ಯಾವುದೂ ಅಲ್ಲಿ ಕಾಣದು. ಇಂಥ ಕಡೆ ನಮ್ಮ ಆಡುಮಾತಿನ ಭೇದ ಉಪಯೋಗಕ್ಕೆ ಬರುತ್ತದೆ. ಫೋನಿನ ಮೆಮೊರಿ ತುಂಬಿತು ಅಂತೀವಿ, ನೆನಪು ತುಂಬಿತು ಅನ್ನಲ್ಲ. ಮೆಮೊರಿಯನ್ನು ಖಾಲಿ ಮಾಡುತ್ತೇವೆ. ನೆನಪು ತಾನಾಗಿ ಬರುತ್ತದೆ, ಮಾಸುತ್ತದೆ. ಹಾಗಾಗಿ ಯಂತ್ರದ್ದು ‘ಮೆಮೊರಿ’ ಅಂತಲೇ ಇರಲಿ, ‘ನೆನಪು’ ನೋಡುವವರಿಗೆ ಮಾತ್ರ ಅಂತ ನನ್ನ ಹಟ. ಹುಡುಗರು ಒಪ್ಪಿಲ್ಲ.

ಆ ತೋಟದ ಚಿತ್ರಕ್ಕೂ ಒಂದು ಹೆಸರು ಬೇಕು. ‘ನಿಸರ್ಗಚಿತ್ರ’ ಮುಂಬೈಯವರಿಗೆ ಮರಾಠಿಯಿಂದಲೂ ಗೊತ್ತು. ಆದರೆ ಅದರಲ್ಲಿ ಯಾರೋ ಒಂದು ಜಾಗಕ್ಕೆ ಹೋಗಿ ಕೂತು ನೋಡಿದ್ದಾರೆ ಅನ್ನೋ ಅರ್ಥ ಇದೆ. ‘ಹುಸಿತೋಟ’ದಲ್ಲಿ ಮೋಸದ ವಾಸನೆ. ‘ಬೆರಕೆ ತೋಟ’ ಅಂದರೆ ತೋಟಗಾರಿಕೆಯವರು ಅಡಿಕೆ ಜೊತೆ ಮೆಣಸು ಅಂದುಕೊಂಡಾರು.

ಕೇಳಬೇಕಾದ್ದು ಇಷ್ಟು. ಒದ್ದೆಯಾಗುವುದಕ್ಕೆ ‘ತೊಯ್’ ಅನ್ನುವ ಉತ್ತರ ಕರ್ನಾಟಕದವರ ಕಿವಿಗೆ ‘ನೆನೆ’ಯ ಎರಡೂ ಅರ್ಥ ಒಟ್ಟಿಗೆ ಕೇಳಿಸುತ್ತವಾ? ಬಾಗಿಲಿಗೆ ‘ನೆನೆಯುವ ಕೋಣೆ’ ಅಂತ ಬರೆದರೆ, ಜುಲೈ ತಿಂಗಳಲ್ಲಿ ‘ಎಲ್ಲಿ ಸೋರುತ್ತಿದೆ?’ ಅಂತ ಕೇಳದೆ ಒಳಗೆ ಬರುತ್ತೀರಾ?