ಗದ್ದೆ ಹುಣಿಯ ಹಳದಿ ಹೂ: ಇಲ್ಲಿಯದೋ, ಹೊರಗಿನದೋ?

(ಹುಣಿಬದಿ, ತೋಡಿನಂಚು, ಮರಳದಿಣ್ಣೆ: ಇಲ್ಲಿ ಮಾತಾಡುವ ಮೂವರ ಅಡ್ಡಹೆಸರು.)

ಹುಣಿಬದಿ: ಉಡುಪಿ ಕಡೆಯ ಕಾಪು ಹತ್ತಿರ, ಗದ್ದೆ ಹುಣಿಯಲ್ಲಿ (ಬದುವಿನಲ್ಲಿ) ತೋಡಿನ ನೀರು ಜಿನುಗುವ ಕಡೆ ನೆಲಕ್ಕಂಟಿ ಹಬ್ಬಿದ ಗಿಡ. ಹಳದಿ ಹೂ, ಅಗಲ ಸುಮಾರು 2 ಸೆಂ.ಮೀ., ಉದ್ದ ತೊಟ್ಟಿನ ತುದಿಯಲ್ಲಿ ಒಂಟಿ. ಎಲೆ ಎದುರುಬದುರು ಜೋಡಿ. ಗಿಡ ಗುರುತಿಸುವ ಆ್ಯಪ್ 'ವೆಡೇಲಿಯಾ' ಅನ್ನುತ್ತದೆ. ಅಂದರೆ ಮನೆಯಂಗಳದಲ್ಲಿ ನೆಡುವ ಅದೇ ಗಿಡವೇ? ಫೋಟೋ ಹೂವಿನದು ಮಾತ್ರ ಇದೆ.

ತೋಡಿನಂಚು: ಹೂ ನೋಡಿ ಇದನ್ನು ತೀರ್ಮಾನಿಸಲಾಗದು, ಅಂಗಳದ್ದು, ಇಲ್ಲಿಯದು ಎರಡರ ಹೂವೂ ಹೆಚ್ಚುಕಡಿಮೆ ಒಂದೇ. ಎಲೆ ಬೇಕು. ಅಂಗಳದ್ದು ಸ್ಫಾಗ್ನೆಟಿಕೋಲಾ ಟ್ರೈಲೋಬೇಟಾ, ಅಮೆರಿಕದ ಉಷ್ಣವಲಯದಿಂದ ಬಂದದ್ದು: ಎಲೆ ಅಗಲ, ಹೊಳಪು, ಅಂಚು ಒರಟಾಗಿ ಹಲ್ಲುಹಲ್ಲು, ಹೆಚ್ಚಿನವು ಮೂರು ಸೀಳು. ಇಲ್ಲಿಯದು ಸ್ಫಾಗ್ನೆಟಿಕೋಲಾ ಕ್ಯಾಲೆಂಡುಲೇಸಿಯಾ: ಎಲೆ ಸಪೂರ, ಉದ್ದ, ಸೀಳಿಲ್ಲ, ಅಂಚಿನಲ್ಲಿ ಹಲ್ಲು ಇಲ್ಲ ಅಥವಾ ಒಂದೆರಡು ಜೋಡಿ ಅಷ್ಟೆ, ಎರಡೂ ಬದಿ ಮುಟ್ಟಿದರೆ ದೊರಗು.

ಜನ ಎಡವುವುದು ಇಲ್ಲೇ: ಟ್ರೈಲೋಬೇಟಾದ ತುದಿಯ ಎಳೆ ಎಲೆಗೆ ಕೆಲವೊಮ್ಮೆ ಸೀಳೇ ಇರುವುದಿಲ್ಲ. ಅದೊಂದನ್ನೇ ಕಿತ್ತು ನೋಡಿದರೆ ತಪ್ಪುತ್ತೀರಿ. ಬಳ್ಳಿಯ ನಡುಭಾಗದ ಬಲಿತ ಎಲೆ ನಾಲ್ಕೈದು ತೆಗೆದು ಸ್ಕೇಲಿನ ಪಕ್ಕ ಇಟ್ಟು, ಮೇಲ್ಬದಿ, ಕೆಳಬದಿ, ಗೆಣ್ಣು ಕಾಣುವಂತೆ ಫೋಟೋ ಹಾಕಿ.

ಆ್ಯಪಿನ ಗೊಂದಲಕ್ಕೆ ಕಾರಣ ಹಳೆ ಹೆಸರು. ಎರಡೂ ಮೊದಲು ವೆಡೇಲಿಯಾ ಕುಲದಲ್ಲೇ ಇದ್ದವು. ಸಸ್ಯವಿಜ್ಞಾನಿ ಪ್ರಸ್ಕಿ 1996ರಲ್ಲಿ ಸ್ಫಾಗ್ನೆಟಿಕೋಲಾ ಕುಲಕ್ಕೆ ಸೇರಿಸಿದರು. ಹಳೆ ಪುಸ್ತಕದಲ್ಲಿ ಇಲ್ಲಿಯದನ್ನು 'ವೆಡೇಲಿಯಾ ಚೈನೆನ್ಸಿಸ್' ಎಂದು ಹುಡುಕಿ.

ಮರಳದಿಣ್ಣೆ: ಮಲ್ಪೆ, ಪಣಂಬೂರು ಕಡೆ ಕಡಲತೀರದಲ್ಲಿ ಹುಡುಕುವವರಿಗೆ ಗೊಂದಲ ಮಾಡುವ ಹಳದಿ ಹೂವಿನ ಗಿಡ ಇನ್ನೆರಡು ಇವೆ. ವೊಲ್ಲಾಸ್ಟೋನಿಯಾ ಬೈಫ್ಲೋರಾ ಪೊದೆಯಂತೆ ಮೇಲೇರಿ ಒರಗುತ್ತದೆ. ಎಲೆಗೆ ಸ್ಪಷ್ಟ ತೊಟ್ಟು, ಬುಡದಿಂದ ಮೂರು ನರ. ಲೌನಿಯಾ ಸಾರ್ಮೆಂಟೋಸಾ ಮರಳಿನ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಎಲೆಗೊಂಚಲು ಬಿಡುತ್ತದೆ. ಮುರಿದರೆ ಬಿಳಿ ಹಾಲು, ಹೂವಿನ ನಡುವೆ ಬಟನ್‌ನಂಥ ದುಂಡು ಭಾಗ ಇಲ್ಲ, ಬರೀ ಎಸಳು. ಹಾಲು ಬಂತೆಂದರೆ ವೆಡೇಲಿಯಾದ ಮಾತೇ ಬಿಡಿ.

ಹುಣಿಬದಿ: ನೋಡಿದೆ. ಎಲೆ 5 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, ದೊರಗು, ಹಲ್ಲು ಒಂದೇ ಜೋಡಿ. ಹಾಲಿಲ್ಲ.

ತೋಡಿನಂಚು: ಹಾಗಾದರೆ ಕ್ಯಾಲೆಂಡುಲೇಸಿಯಾ. ಬೇಕಿದ್ದರೆ ಎರಡು ಮೂರು ಗೆಣ್ಣಿರುವ ತುಂಡು ತೆಗೆದು, ಒಂದು ಗೆಣ್ಣು ಒದ್ದೆ ಮಣ್ಣಿನೊಳಗೆ ಹೋಗುವಂತೆ ಊರಿ, ಬೇರು ಅಲ್ಲಿಂದಲೇ. ಒಣಗಲು ಬಿಟ್ಟರೆ ಉಳಿಯದು. ಪೀತ ಭೃಂಗರಾಜ ಎನ್ನುವುದು ಇದನ್ನೇ, ಆದರೆ ತಲೆಎಣ್ಣೆಗೆ ಹಾಕುವ ಬಿಳಿ ಹೂವಿನ ಗರುಗ ಬೇರೆ ಗಿಡ. ಅಂಗಳದ ಟ್ರೈಲೋಬೇಟಾ ಕತ್ತರಿಸಿದ ಕಸವನ್ನಂತೂ ತೋಡಿಗೆ ಎಸೆಯಬೇಡಿ, ಒಂದು ಗೆಣ್ಣು ದಡ ಸೇರಿದರೂ ಹುಣಿ ಪೂರ್ತಿ ಅದರದ್ದೇ.