ಬಿಸಿನೆಸ್ ಸ್ಕೂಲ್ ಸಂಶೋಧನೆ ನಮ್ಮ ಆಫೀಸಿಗೆ ಉಪಯೋಗಕ್ಕೆ ಬರುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಎಚ್‌ಆರ್ ವಿಭಾಗದಲ್ಲಿದ್ದೇನೆ. ವರ್ಕ್ ಫ್ರಮ್ ಹೋಮ್ ಬಗ್ಗೆ ಪಾಲಿಸಿ ಬರೆಯಬೇಕು. ಒಬ್ಬ ಮ್ಯಾನೇಜರ್ "ಮನೆಯಿಂದ ಮಾಡಿದರೆ ಕೆಲಸ ಜಾಸ್ತಿ ಆಗುತ್ತದೆ, ರಿಸರ್ಚ್ ಇದೆ" ಅಂತಾರೆ. ಇನ್ನೊಬ್ಬರು "ಮನೆಯಲ್ಲಿ ಕೂತವರಿಗೆ ಪ್ರಮೋಷನ್ ತಪ್ಪುತ್ತದೆ, ಅದಕ್ಕೂ ರಿಸರ್ಚ್ ಇದೆ" ಅಂತಾರೆ. ಯಾರ ಮಾತು ಕೇಳಲಿ? ನೀವು ಮ್ಯಾನೇಜ್‌ಮೆಂಟ್ ಪಾಠ ಮಾಡುವವರು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಇಬ್ಬರ ಮಾತೂ ನಿಜ. ತಮಾಷೆ ಅಂದರೆ, ಇಬ್ಬರೂ ಒಂದೇ ರಿಸರ್ಚ್ ಪೇಪರ್ ಹಿಡಿದು ಜಗಳ ಆಡುತ್ತಿರಬಹುದು!

ಸ್ಟ್ಯಾನ್‌ಫರ್ಡ್‌ನ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಚೀನಾದ ಸಿಟ್ರಿಪ್ ಎಂಬ ಟ್ರಾವೆಲ್ ಕಂಪನಿಯಲ್ಲಿ ಮಾಡಿದ ಪ್ರಯೋಗ ಅದು. ಪೇಪರ್ ಬಂದದ್ದು 2015ರಲ್ಲಿ. ಕಾಲ್ ಸೆಂಟರ್‌ನವರನ್ನು "ಮನೆಯಿಂದ ಕೆಲಸ ಯಾರಿಗೆ ಬೇಕು?" ಎಂದು ಕೇಳಿದರು. ಮುಂದೆ ಬಂದವರಲ್ಲಿ ಅರ್ಹರಾದವರನ್ನು ಹುಟ್ಟಿದ ತಾರೀಕು ನೋಡಿ ಎರಡು ಗುಂಪು ಮಾಡಿದರು. ಸಮಸಂಖ್ಯೆಯವರು ವಾರಕ್ಕೆ ನಾಲ್ಕು ದಿನ ಮನೆಯಿಂದ, ಬೆಸಸಂಖ್ಯೆಯವರು ಆಫೀಸಿನಲ್ಲೇ. ಹುಟ್ಟಿದ ದಿನಕ್ಕೂ ಕೆಲಸದ ಚುರುಕಿಗೂ ಸಂಬಂಧ ಇಲ್ಲ ಅಲ್ವಾ, ಹಾಗಾಗಿ ಆಮೇಲೆ ಕಾಣುವ ವ್ಯತ್ಯಾಸಕ್ಕೆ ಜಾಗವೇ ಕಾರಣ ಎಂದು ಧೈರ್ಯವಾಗಿ ಹೇಳಬಹುದು.

9 ತಿಂಗಳು ನಡೆಸಿದರು. ಮನೆಯಲ್ಲಿದ್ದವರ ಕೆಲಸ 13% ಹೆಚ್ಚಾಯಿತು. ಆ 13ರಲ್ಲಿ ಸುಮಾರು 9 ಬಂದದ್ದು ಬ್ರೇಕು, ಸಿಕ್ ಲೀವು ಕಡಿಮೆಯಾಗಿದ್ದರಿಂದ. ಉಳಿದದ್ದು ಗಲಾಟೆ ಇಲ್ಲದೆ ನಿಮಿಷಕ್ಕೆ ಹೆಚ್ಚು ಕರೆ ಮುಗಿಸಿದ್ದರಿಂದ. ಕೆಲಸ ಬಿಟ್ಟು ಹೋಗುವವರು ಅರ್ಧಕ್ಕೆ ಇಳಿದರು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅವರಿಗೆ ಪ್ರಮೋಷನ್ ಸಿಗುವುದು ಕಡಿಮೆಯಾಯಿತು. ಕೊನೆಗೆ "ಇನ್ನು ನಿಮ್ಮಿಷ್ಟ" ಎಂದಾಗ ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಆಫೀಸಿಗೆ ವಾಪಸ್ ಬಂದರು. ಒಂಟಿತನ ಸಾಕಾಗಿತ್ತು.

ಅದೇ ಕಂಪನಿಯಲ್ಲಿ (ಈಗ ಟ್ರಿಪ್.ಕಾಮ್) ಮತ್ತೊಂದು ಪ್ರಯೋಗ ಆಯಿತು, ಅದರ ಪೇಪರ್ ಬಂದದ್ದು 2024ರಲ್ಲಿ. ಈ ಸಲ ಎಂಜಿನಿಯರಿಂಗ್, ಮಾರ್ಕೆಟಿಂಗ್, ಫೈನಾನ್ಸ್‌ನ 1,612 ಪದವೀಧರರು, ಮನೆಯಿಂದ ವಾರಕ್ಕೆ ಎರಡೇ ದಿನ. ಕೆಲಸದ ಗುಣಮಟ್ಟದಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಪ್ರಮೋಷನ್‌ಗೂ ಏಟು ಬೀಳಲಿಲ್ಲ. ಕೆಲಸ ಬಿಡುವವರು ಮಾತ್ರ ಮೂರನೇ ಒಂದು ಭಾಗ ಕಡಿಮೆಯಾದರು.

ಕಂಪನಿ ಒಂದೇ, ಉತ್ತರ ಬೇರೆ. ಆದ್ದರಿಂದ "ರಿಸರ್ಚ್ ಇದೆ" ಎಂದು ಯಾರಾದರೂ ಹೇಳಿದ ಕೂಡಲೇ ಕೇಳಿ: ಯಾವ ಕೆಲಸದವರು? ವಾರಕ್ಕೆ ಎಷ್ಟು ದಿನ? ಅಳೆದದ್ದು ಏನನ್ನು? ನಿಮ್ಮವರು ಕಾಲ್ ತೆಗೆದುಕೊಳ್ಳುವವರಾದರೆ ಮೊದಲನೆಯದು ಓದಿ. ಪ್ರಾಜೆಕ್ಟ್ ಟೀಮಾದರೆ ಎರಡನೆಯದು. ಎರಡರಲ್ಲೂ ಕಂಡ ಲಾಭ ಜನ ಉಳಿಯುವುದು. ಪಾಲಿಸಿಯಲ್ಲಿ ಅದನ್ನೇ ಮುಂದಿಟ್ಟರೆ ನಿಮ್ಮ ವಾದ ಗಟ್ಟಿಯಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಸರ್, ಇದೆಲ್ಲ ಕಂಪನಿಗೆ ಆಯಿತು. ಕೆಲಸ ಹುಡುಕುವ ನಮ್ಮಂಥವರಿಗೆ ಏನಾದರೂ ಇದೆಯಾ?

ಉತ್ತರ: ಇದೆ. ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೊಸ ಕೆಲಸ ಸಿಗಲು ಹೆಚ್ಚು ನೆರವಾದದ್ದು ಆಪ್ತ ಸ್ನೇಹಿತರಲ್ಲ, ಸ್ವಲ್ಪ ದೂರದ ಪರಿಚಯದವರು. ಆಪ್ತರಿಗೆ ಗೊತ್ತಿರುವ ಖಾಲಿ ಜಾಗ ಸಾಮಾನ್ಯವಾಗಿ ನಿಮಗೂ ಗೊತ್ತಿರುತ್ತದೆ. ಹಾಗಂತ ಮುಖಪರಿಚಯವೂ ಇಲ್ಲದ ಸಾವಿರ ಜನರಿಗೆ ಸುಮ್ನೆ ರಿಕ್ವೆಸ್ಟ್ ಕಳಿಸಬೇಡಿ, ತೀರಾ ದೂರದವರಿಂದಲೂ ಅಷ್ಟು ಲಾಭವಾಗಲಿಲ್ಲ. ಹಳೇ ಆಫೀಸಿನ ಬೇರೆ ಟೀಮಿನವರು, ಟ್ರೇನಿಂಗ್‌ನಲ್ಲಿ ಸಿಕ್ಕವರು, ಇಂಥವರಿಗೆ ಮೆಸೇಜ್ ಮಾಡಿ. ಡಿಜಿಟಲ್ ಬಳಕೆ ಕಡಿಮೆ ಇರುವ ಕ್ಷೇತ್ರವಾದರೆ ಲೆಕ್ಕ ತಿರುವುಮುರುವು, ಅಲ್ಲಿ ಹತ್ತಿರದವರೇ ಗತಿ.

ಮತ್ತೊಬ್ಬರ ಪ್ರಶ್ನೆ: ನಮ್ಮ ಬಾಸ್ "ಗೆದ್ದ ಕಂಪನಿಗಳ ಗುಟ್ಟು" ತರಹದ ಪುಸ್ತಕ ಓದಿ ಸ್ಟ್ರಾಟಜಿ ಬದಲಿಸುತ್ತಾ ಇರುತ್ತಾರೆ. ಅದೂ ಸಂಶೋಧನೆಯೇ ಅಲ್ವಾ ಸರ್?

ಉತ್ತರ: ಪಾಪ, ಬಾಸ್ ಒಬ್ಬರೇ ಅಲ್ಲ ಬಿಡಿ. 2001ರಲ್ಲಿ ಬಂದ ಅಂಥದ್ದೊಂದು ಪ್ರಸಿದ್ಧ ಪುಸ್ತಕ 11 ಅಮೆರಿಕನ್ ಕಂಪನಿಗಳನ್ನು ಮಾದರಿ ಎಂದು ತೋರಿಸಿತು. ಅದರಲ್ಲಿದ್ದ ಸರ್ಕಿಟ್ ಸಿಟಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲು ಗೆದ್ದವರನ್ನು ಆರಿಸಿ ಆಮೇಲೆ ಕಾರಣ ಹುಡುಕಿದರೆ ಅದೃಷ್ಟ ಯಾವುದು, ಜಾಣತನ ಯಾವುದು ಎಂದು ಗೊತ್ತಾಗುವುದಿಲ್ಲ.

ನನಗೆ ಇಷ್ಟವಾಗುವುದು ಬ್ಲೂಮ್ ಅವರದೇ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ. ಮುಂಬೈ ಹತ್ತಿರದ ಬಟ್ಟೆ ಮಿಲ್ಲುಗಳಲ್ಲಿ ಕೆಲವಕ್ಕೆ ಪುಕ್ಕಟೆಯಾಗಿ ಕನ್ಸಲ್ಟೆಂಟ್‌ಗಳನ್ನು ಕಳಿಸಿದರು. ಅವರು ಹೇಳಿಕೊಟ್ಟದ್ದು ದೊಡ್ಡ ಸ್ಟ್ರಾಟಜಿ ಏನಲ್ಲ. ಗೋದಾಮಿನಲ್ಲಿ ಗುಡ್ಡೆ ಬಿದ್ದ ನೂಲಿಗೆ ಲೇಬಲ್ ಹಚ್ಚಿ ಲೆಕ್ಕ ಇಡಿ, ಬಟ್ಟೆಯಲ್ಲಿ ಬಂದ ದೋಷ ದಿನಾ ಬರೆದಿಡಿ, ಮಷಿನ್ ಕೆಡುವ ಮೊದಲೇ ಸರ್ವಿಸ್ ಮಾಡಿ. ಇಷ್ಟಕ್ಕೇ ಮೊದಲ ವರ್ಷ ಉತ್ಪಾದಕತೆ 17% ಏರಿತು. ಹಾಗಾದರೆ ಮುಂಚೆಯೇ ಯಾಕೆ ಮಾಡಿರಲಿಲ್ಲ? ಕೆಲವು ಮಾಲೀಕರಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವರಿಗೆ ಅದರಿಂದ ಲಾಭ ಬರುತ್ತದೆ ಎಂಬ ನಂಬಿಕೆ ಇರಲಿಲ್ಲ.

ಮೊದಲು ಕೇಳಿದವರು: ಥ್ಯಾಂಕ್ಸ್ ಸರ್. ನಮ್ಮಲ್ಲೂ ಹೀಗೆ ಚಿಕ್ಕದಾಗಿ ಪ್ರಯೋಗ ಮಾಡಬಹುದಾ? ಟೀಮಿನಲ್ಲಿ ಇರುವುದು 12 ಜನ.

ಉತ್ತರ: ಮಾಡಿ. ಆದರೆ 12 ಜನರಲ್ಲಿ ಶೇಕಡಾವಾರು ಲೆಕ್ಕ ಹಾಕಬೇಡಿ, ಒಬ್ಬರು ರಜೆ ಹಾಕಿದರೂ ಅಂಕಿ ಅಲ್ಲಾಡುತ್ತದೆ. ಮನೆಗೆ ಯಾರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಮ್ಯಾನೇಜರ್ ಆರಿಸಬಾರದು. ಮೂರು ತಿಂಗಳಿಗೆ ಗುಂಪು ಅದಲುಬದಲು ಮಾಡಿ. ಏನನ್ನು ಅಳೆಯುತ್ತೀರಿ ಎಂಬುದನ್ನು ಶುರು ಮಾಡುವ ಮೊದಲೇ ಬರೆದು ಆ ಇಬ್ಬರು ಮ್ಯಾನೇಜರ್‌ಗಳಿಂದಲೂ ಸಹಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಕೊನೆಗೆ ಅವರವರಿಗೆ ಬೇಕಾದ ಅಂಕಿ ಹಿಡಿದುಕೊಂಡು ಮತ್ತೆ ಮೀಟಿಂಗ್‌ಗೆ ಬರುತ್ತಾರೆ.