ತಲೆಯೊಳಗೆ ಬಿಸಿ ಎಷ್ಟಾಯ್ತು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ (ಶಿರಸಿ): ಅಪ್ಪಯ್ಯನಿಗೆ ಕೈ ನಡುಕ. ಎಸೆನ್ಶಿಯಲ್ ಟ್ರೆಮರ್ ಅಂದಿದ್ದಾರೆ. ಮೆಟ್ಟುಗತ್ತಿ ಹಿಡಿದು ಅಡಿಕೆ ಸುಲಿಯುವುದು ಬಿಟ್ಟಾಯ್ತು, ಈಗ ಚಹಾ ಲೋಟವನ್ನೂ ಅರ್ಧವೇ ತುಂಬಿಸಿ ಕೊಡುತ್ತೇವೆ. ಮಾತ್ರೆ ನಾಟುತ್ತಿಲ್ಲ. ಡಾಕ್ಟರು ಫೋಕಸ್ಡ್ ಅಲ್ಟ್ರಾಸೌಂಡ್ ಹೇಳಿದ್ದಾರೆ. ಬುರುಡೆ ಕೊರೆಯದೆ, ಮಿದುಳಿನ ಸಣ್ಣ ಜಾಗ ಸುಡುತ್ತಾರಂತೆ. ಅಪ್ಪಯ್ಯನದು ಒಂದೇ ಪ್ರಶ್ನೆ: "ಒಳಗೆ ಥರ್ಮಾಮೀಟರ್ ಇಡ್ತಾರನಾ? ಪಕ್ಕದ್ದೂ ಬೆಂದರೆ?"

ಕುಮಟಾದಿಂದ: ಬಸುರಿಯರಿಗೆ ಮಾಡುವ ಸ್ಕ್ಯಾನಿಂಗೂ ಅಲ್ಟ್ರಾಸೌಂಡೇ ಅಲ್ವಾ? ಸುಮ್ನೆ ಹೆದರಬೇಡಿ.

ಕಾರವಾರದವ, ಎಂಆರ್‌ಐ ಟೆಕ್ನಿಷಿಯನ್: ಕುಮಟಾದವರೇ, ಅದು ಬೇರೆ, ಇದು ಬೇರೆ. ಇಲ್ಲಿ ಹೆಲ್ಮೆಟ್‌ನಲ್ಲಿರುವ 1024 ಮೂಲಗಳ ಶಬ್ದದ ಅಲೆ ಒಂದೇ ಕಡೆ ಸೇರುತ್ತದೆ. ಅಪ್ಪಯ್ಯ ಕೇಳಿದ್ದು ಸರಿಯಾಗಿಯೇ ಇದೆ.

ಒಳಗೆ ಏನೂ ಇಡುವುದಿಲ್ಲ. ಇಡೀ ಕೆಲಸ ನಡೆಯುವುದು ಎಂಆರ್‌ಐ ಒಳಗೆ. ಎಂಆರ್‌ಐ ನೋಡುವುದು ನೀರಿನ ಹೈಡ್ರೋಜನ್ನನ್ನು. ಬಿಸಿಯಾದರೆ ಅದು ಕೊಡುವ ಸಿಗ್ನಲ್‌ನ ಫ್ರೀಕ್ವೆನ್ಸಿ (ಕಂಪನದ ವೇಗ) ಚೂರೇ ಚೂರು ಇಳಿಯುತ್ತದೆ, ಒಂದು ಡಿಗ್ರಿಗೆ ಹತ್ತು ಕೋಟಿಯಲ್ಲಿ ಒಂದು ಪಾಲು. ಬಿಸಿ ಮಾಡುವ ಮುಂಚಿನ ಚಿತ್ರದ ಜೊತೆ ಹೋಲಿಸಿ, ಎಷ್ಟು ಡಿಗ್ರಿ ಏರಿತು ಅಂತ ಕೆಲವು ಸೆಕೆಂಡಿಗೊಮ್ಮೆ ತೋರಿಸುತ್ತದೆ. ತಲೆ ಅಲ್ಲಾಡಿದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಫ್ರೇಮ್ ಬಿಗಿಯುತ್ತಾರೆ.

ಒಮ್ಮೆಗೇ ಸುಡುವುದಿಲ್ಲ. ಮೊದಲು 50 ಡಿಗ್ರಿಯ ಒಳಗೇ ಬಿಸಿ ಮಾಡುತ್ತಾರೆ. ಅಪ್ಪಯ್ಯ ಎಚ್ಚರವಾಗಿಯೇ ಇರುತ್ತಾರೆ. ಸುರುಳಿ ಬರೆಸಿ ನಡುಕ ತಗ್ಗಿತಾ, ತುಟಿ ಬೆರಳು ಜುಮ್ಮೆನ್ನುತ್ತಿದೆಯಾ ಅಂತ ಕೇಳುತ್ತಾರೆ. ಜಾಗ ಸರಿ ಅನ್ನಿಸಿದ ಮೇಲೇ 55-60. ಬಿಸಿಯಷ್ಟೇ ಅಲ್ಲ, ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಆ ಜಾಗ ಸುಡಲು 43 ಡಿಗ್ರಿಯಲ್ಲಿ 240 ನಿಮಿಷ ಬೇಕು ಅಂದರೆ, ಒಂದೊಂದು ಡಿಗ್ರಿ ಏರಿದ ಹಾಗೆ ಆ ಹೊತ್ತು ಅರ್ಧಕ್ಕಿಳಿಯುತ್ತ ಹೋಗುತ್ತದೆ. 56ಕ್ಕೆ ಎರಡು ಸೆಕೆಂಡೂ ಬೇಡ.

ನನ್ನ ಪ್ರಕಾರ ನೀವು ಕೇಳಬೇಕಾದ್ದು ಬುರುಡೆಯ ಬಗ್ಗೆ. ಅಲೆಯ ಶಕ್ತಿಯನ್ನು ಮೂಳೆ ಜಾಸ್ತಿ ಹೀರಿ ಬಿಸಿಯಾಗುತ್ತದೆ, ಆದರೆ ಈ ವಿಧಾನಕ್ಕೆ ಮೂಳೆಯ ಬಿಸಿ ಕಾಣುವುದೇ ಇಲ್ಲ. ಕೊಬ್ಬಿನದ್ದೂ ಅಷ್ಟೇ. ಅದಕ್ಕೆ ಹೆಲ್ಮೆಟ್‌ನಲ್ಲಿ ತಣ್ಣೀರು ಹರಿಸುತ್ತಾರೆ, ನಡುನಡುವೆ ನಿಲ್ಲಿಸಿ ಬುರುಡೆ ತಣಿಯಲು ಬಿಡುತ್ತಾರೆ. ಬುರುಡೆ ಇದಕ್ಕೆ ಒಗ್ಗುತ್ತದಾ ಅಂತ ಮೊದಲೇ ಸಿಟಿ ಸ್ಕ್ಯಾನ್ ಮಾಡಿ ನೋಡುತ್ತಾರೆ.

ಪ್ರಶ್ನೆ ಕೇಳಿದವ: ಸಿಟಿ ಇನ್ನೂ ಆಗಿಲ್ಲ. ಅಪ್ಪಯ್ಯನಿಗೆ ಜುಟ್ಟು ಇದೆ. ಅದನ್ನೂ ತೆಗೆಯಬೇಕಾ?

ಕಾರವಾರದವ: ಹೌದು, ಪೂರ್ತಿ ಬೋಳಿಸಬೇಕು. ಕೂದಲಲ್ಲಿ ಗಾಳಿಗುಳ್ಳೆ ಉಳಿದರೆ ಅಲೆ ಸರಿಯಾಗಿ ಒಳಗೆ ಹೋಗುವುದಿಲ್ಲ, ಚರ್ಮವೂ ಸುಡಬಹುದು. ಮೊದಲು ಸಿಟಿ ಮಾಡಿಸಿ. ಬುರುಡೆ ಒಗ್ಗದಿದ್ದರೆ ಜುಟ್ಟಾದರೂ ಉಳಿಯಿತು.